ಮನೆಯವರ ಕಾರಿನ ಎಂಜಿನ್ ಆಯಿಲ್ ನೀವೇ ಬದಲಿಸುವಾಗ

ಸ್ವಂತ ಕಾರಿನಿಂದ ಒಂದು ಹನಿ ಆಯಿಲ್ ತೊಟ್ಟಿಕ್ಕಿದರೂ ಮರುದಿನ ಬೆಳಿಗ್ಗೆ ನೆಲದ ಮೇಲೆ ಕಾಣುತ್ತದೆ. ಅಕ್ಕನದೋ ಮಾವನದೋ ಕಾರಾದರೆ ಹಾಗಲ್ಲ. ಕೆಲಸ ಮುಗಿದ ಅರ್ಧ ಗಂಟೆಗೆ ಅದು ಹೊರಟುಹೋಗಿರುತ್ತದೆ. ಓಡಿಸುವವರು ಮೀಟರ್ ಬೋರ್ಡಿನ ದೀಪಗಳನ್ನು ಗಮನಿಸುತ್ತಾರೆಂಬ ಖಾತ್ರಿಯೂ ಇಲ್ಲ. ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸಿ ಹೊಸದನ್ನು ಸುರಿಯುವುದು ಒಂದು ಗಂಟೆಯ ಕೆಲಸ. ಬೇರೆಯವರ ಕಾರಿನಲ್ಲಿ ಅದಕ್ಕಿಂತ ಮುಂಚಿನ ಹತ್ತು ನಿಮಿಷ, ಆಮೇಲಿನ ಇಪ್ಪತ್ತು ನಿಮಿಷಕ್ಕೇ ತೂಕ ಜಾಸ್ತಿ.

ಮುಂಚಿನ ಹತ್ತು ನಿಮಿಷ

ಆಯಿಲ್ ಕೊಳ್ಳುವುದಕ್ಕೂ ಮೊದಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ, ಎರಡು ಗೆರೆಯಿರುವ ಕಡ್ಡಿ) ನೋಡಿ. ಮಟ್ಟ ಕೆಳಗಿನ ಗೆರೆಗಿಂತಲೂ ಕೆಳಗಿದ್ದರೆ ಎಂಜಿನ್ ಆಯಿಲನ್ನು ಸುಡುತ್ತಿದೆ ಅಥವಾ ಎಲ್ಲೋ ಸೋರುತ್ತಿದೆ. ಹೊಸ ಆಯಿಲ್ ಹಾಕಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ, 1000 ಕಿ.ಮೀ.ಗೊಮ್ಮೆ ನೋಡುತ್ತಿರಬೇಕು ಎಂದು ಮಾಲೀಕರಿಗೆ ಆಗಲೇ ಹೇಳಿಬಿಡಿ. ಮೇಲಿನ ಗೆರೆ ದಾಟಿದ್ದರೆ ಹಿಂದಿನ ಸಲ ಯಾರೋ ಹೆಚ್ಚು ಸುರಿದಿದ್ದಾರೆ. ಕಾರು ಡೀಸೆಲ್ ಆಗಿದ್ದು ಬರೀ ಐದಾರು ಕಿ.ಮೀ. ಓಡಾಟಕ್ಕೆ ಬಳಕೆಯಾಗುತ್ತಿದ್ದರೆ ಇನ್ನೊಂದು ಕಾರಣವೂ ಇರಬಹುದು. ಹೊಗೆ ಸೋಸುವ ಡಿಪಿಎಫ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಲು ಹೆಚ್ಚುವರಿ ಡೀಸೆಲ್ ಚಿಮ್ಮಿಸಿಕೊಳ್ಳುತ್ತದೆ. ಆ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಸ್ವಲ್ಪ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲಿಗೆ ಸೇರಿ ಅದನ್ನು ತೆಳ್ಳಗಾಗಿಸುತ್ತದೆ. ಮೂಗಿಗೆ ಹಿಡಿದರೆ ವಾಸನೆ ಗೊತ್ತಾಗುತ್ತದೆ.

ಆಯಿಲ್ ಮುಚ್ಚಳದ ಒಳಬದಿಯನ್ನೂ ನೋಡಿ. ಅಲ್ಲಿ ಮಾತ್ರ ತೆಳುವಾದ ಬಿಳಿ ಕೆನೆಯಿದ್ದರೆ ಅದು ಸಾಮಾನ್ಯವಾಗಿ ಸಣ್ಣ ಓಡಾಟದಲ್ಲಿ ಕಟ್ಟಿದ ನೀರಿನ ಪಸೆ. ಡಿಪ್‌ಸ್ಟಿಕ್‌ನಲ್ಲೇ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದು ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲ್) ಹೋಗಿರುವ ಸಂಭವವಿದೆ. ಆಗ ಆಯಿಲ್ ಬದಲಿಸುವುದು ದಂಡ, ಕಾರು ಮೆಕ್ಯಾನಿಕ್ ಹತ್ತಿರ ಹೋಗಲಿ.

ಕೊನೆಗೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟ್ ನೋಡಿ. ಅದರ ತಲೆ ಸವೆದು ದುಂಡಗಾಗಿದೆಯೇ, ಸುತ್ತ ಒದ್ದೆಯಾಗಿದೆಯೇ? ಹಿಂದೆ ಯಾರೋ ಬಲ ಬಿಟ್ಟು ಬಿಗಿದ ಬೋಲ್ಟ್ ನಿಮ್ಮ ಕೈಯಲ್ಲಿ ಕಿತ್ತು ಬಂದರೆ ಕೆಟ್ಟ ಹೆಸರು ನಿಮಗೇ. ಅನುಮಾನವಿದ್ದರೆ ಮೊದಲೇ ಹೇಳಿ, ಹೊಸ ಬೋಲ್ಟ್ ತಂದಿಟ್ಟುಕೊಳ್ಳಿ.

ಏನೇನು ಬೇಕು

ಆಯಿಲ್ ವಿಷಯದಲ್ಲಿ ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ಅದರಲ್ಲಿ ನೋಡಬೇಕಾದ ಸಂಗತಿ ಮೂರು. ಒಂದು, ದಪ್ಪ: 0ಡಬ್ಲ್ಯೂ-20, 5ಡಬ್ಲ್ಯೂ-30 ಎಂಬ ರೀತಿ ಬರೆದಿರುತ್ತದೆ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ದಪ್ಪವನ್ನೂ ಹೇಳುತ್ತದೆ. ‘ಹಳೇ ಗಾಡಿ, ದಪ್ಪ ಆಯಿಲ್ ಹಾಕು’ ಎಂಬ ಸಲಹೆ ಕಿವಿಗೆ ಬೀಳುವುದುಂಟು. 0ಡಬ್ಲ್ಯೂ-20ಕ್ಕೆಂದೇ ಕಟ್ಟಿದ ಎಂಜಿನ್ನಿಗೆ ಆ ಸಲಹೆ ಬೇಡ. ಎರಡು, ಗುಣಮಟ್ಟ: ಎಪಿಐ ಎಸ್‌ಪಿ, ಎಸಿಇಎ ಸಿ3 ಮುಂತಾದವು (ಎಪಿಐ ಅಮೆರಿಕದ, ಎಸಿಇಎ ಯುರೋಪಿನ ಮಾನದಂಡ). ಪೆಟ್ರೋಲ್ ಎಂಜಿನ್ನಿಗೆ ಎಪಿಐ ಎಸ್‌ಎನ್ ಎಂದಿದ್ದರೆ 2020ರಲ್ಲಿ ಬಂದ ಎಸ್‌ಪಿ ಹಾಕಬಹುದು, ಹಿಂದುಮುಂದಾಗಿ ಅಲ್ಲ. ಡಿಪಿಎಫ್ ಇರುವ ಡೀಸೆಲ್ಲಿಗೆ ಬೂದಿಯಂಶ ಕಡಿಮೆಯಿರುವ ಆಯಿಲೇ ಆಗಬೇಕು. ಮಸಿ ಸುಟ್ಟುಹೋಗುತ್ತದೆ, ಆಯಿಲಿನ ಬೂದಿ ಸುಡದೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ಮುಳುಗಿ ತಿರುಗುವ ಎಂಜಿನ್‌ಗಳಲ್ಲಂತೂ ತಪ್ಪು ಆಯಿಲ್ ಬೆಲ್ಟಿನ ರಬ್ಬರನ್ನೇ ತಿನ್ನುತ್ತದೆ, ಉದುರಿದ ಚೂರು ಆಯಿಲ್ ಎಳೆಯುವ ಜಾಲರಿಗೆ ಅಡ್ಡ ಕೂರುತ್ತದೆ.

ಮೂರನೆಯದು ಅಳತೆ. ಫಿಲ್ಟರ್ ಸೇರಿ ಎಷ್ಟು, ಬಿಟ್ಟು ಎಷ್ಟು ಎಂದು ಎರಡು ಅಂಕಿ ಇರುತ್ತವೆ. ನಿಮಗೆ ಬೇಕಾದ್ದು ಫಿಲ್ಟರ್ ಸೇರಿದ್ದು. ಸಣ್ಣ ಕಾರಿಗೆ ಸುಮಾರು 3ರಿಂದ 4 ಲೀಟರ್, ದೊಡ್ಡ ಡೀಸೆಲ್ಲಿಗೆ 5 ಲೀಟರ್ ದಾಟುವುದು ಮಾಮೂಲು.

ಇದರ ಜೊತೆಗೆ ಫಿಲ್ಟರ್, ಡ್ರೇನ್ ಬೋಲ್ಟಿನ ಹೊಸ ವಾಷರ್, ಬೋಲ್ಟಿಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ (14, 17, 19 ಮಿ.ಮೀ. ಹೆಚ್ಚು ಕಾಣುವ ಅಳತೆ, ಕೆಲವಕ್ಕೆ ಅಲೆನ್ ಕೀ ಬೇಕು), ಫಿಲ್ಟರ್ ಬಿಚ್ಚುವ ಕಪ್ ಅಥವಾ ಪಟ್ಟಿ ಸ್ಪ್ಯಾನರ್, ಬಿಗಿತ ಅಳೆಯುವ ಟಾರ್ಕ್ ರೆಂಚ್, ಕನಿಷ್ಠ 8 ಲೀಟರ್ ಹಿಡಿಯುವ ಅಗಲ ಬಾಯಿಯ ಟ್ರೇ, ಲಾಳಿಕೆ, ನೈಟ್ರೈಲ್ ಗ್ಲೌಸ್, ಹತ್ತಿ ಬಟ್ಟೆ. ಗ್ಲೌಸ್ ಬರೀ ಶೋಕಿಗಲ್ಲ. ಬಳಸಿದ ಎಂಜಿನ್ ಆಯಿಲ್ ಪದೇಪದೇ ಚರ್ಮಕ್ಕೆ ತಾಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಎತ್ತುವುದು

ಕಾರಿನ ಜೊತೆ ಬರುವ ಜಾಕ್ ಟೈರ್ ಬದಲಿಸಲು ಮಾತ್ರ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತೋಳು ಕೂಡ ಚಾಚಬೇಡಿ. ಇಟ್ಟಿಗೆ, ಕಲ್ಲಿನ ಆಸರೆಯೂ ಬೇಡ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಮುಂದಿನ ಚಕ್ರ ಹತ್ತಿಸುವ ರಾಂಪ್ ಎಲ್ಲಕ್ಕಿಂತ ಸುಲಭ. ಇಲ್ಲವಾದರೆ ಗಟ್ಟಿ ನೆಲದ ಮೇಲೆ ಟ್ರಾಲಿ ಜಾಕ್‌ನಿಂದ ಎತ್ತಿ, ಮ್ಯಾನ್ಯುಯಲ್ ತೋರಿಸುವ ಜಾಗಗಳಿಗೆ ಎರಡು ಜಾಕ್ ಸ್ಟ್ಯಾಂಡ್ ಕೊಡಿ. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಮೊದಲನೆಯದರಲ್ಲಿ (ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ) ಇಟ್ಟು, ಹಿಂದಿನ ಚಕ್ರಗಳಿಗೆ ಅಡೆ ಕೊಡಿ. ಸ್ಟ್ಯಾಂಡ್ ಮೇಲೆ ಕೂತ ಕಾರನ್ನು ಪಕ್ಕದಿಂದ ಜೋರಾಗಿ ಅಲುಗಿಸಿ ನೋಡಿದ ಮೇಲೆಯೇ ಒಳಗೆ ಹೋಗಬೇಕು. ಕೀ ನಿಮ್ಮ ಜೇಬಿನಲ್ಲಿರಲಿ.

ಎತ್ತುವ ಮೊದಲು ಎಂಜಿನ್ನನ್ನು ಮೂರ್ನಾಲ್ಕು ನಿಮಿಷ ಓಡಿಸಿ. ಬೆಚ್ಚಗಿನ ಆಯಿಲ್ ಬೇಗ ಇಳಿಯುತ್ತದೆ, ತಳದ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಉದ್ದ ಪ್ರಯಾಣದಿಂದ ಆಗತಾನೆ ಬಂದ ಕಾರಾದರೆ ಒಂದು ಗಂಟೆ ತಣಿಯಲಿ. ಆಯಿಲೂ ಸೈಲೆನ್ಸರ್ ಪೈಪೂ ಬೊಬ್ಬೆ ಬರಿಸುವಷ್ಟು ಕಾದಿರುತ್ತವೆ.

ಇಳಿಸುವುದು

ಬಾನೆಟ್ ತೆಗೆದು ಆಯಿಲ್ ಮುಚ್ಚಳ ಸಡಿಲಿಸಿ, ಡಿಪ್‌ಸ್ಟಿಕ್ ಅರ್ಧ ಎಳೆದಿಡಿ. ಗಾಳಿಯಾಡಿದರೆ ಆಯಿಲ್ ಗುಳುಗುಳು ಎನ್ನದೆ ಧಾರೆಯಾಗಿ ಇಳಿಯುತ್ತದೆ. ಕೆಳಗೆ ಪ್ಲಾಸ್ಟಿಕ್ ಕವರ್ ಇದ್ದರೆ ಬಿಚ್ಚಿ, ಕ್ಲಿಪ್ಪುಗಳನ್ನು ಒಂದು ಡಬ್ಬಿಗೆ ಹಾಕಿ.

ಈಗ ಬಿಚ್ಚುತ್ತಿರುವುದು ಎಂಜಿನ್ನಿನ ಬೋಲ್ಟೇ ಎಂದು ಎರಡು ಸಲ ಖಚಿತ ಮಾಡಿಕೊಳ್ಳಿ. ಗೇರ್‌ಬಾಕ್ಸ್ ಬೋಲ್ಟನ್ನು ಎಂಜಿನ್ನಿನದೆಂದು ಬಿಚ್ಚುವುದು ಈ ಕೆಲಸದ ಅತಿ ದುಬಾರಿ ತಪ್ಪು: ಗೇರ್‌ಬಾಕ್ಸ್ ಖಾಲಿ, ಎಂಜಿನ್ನಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಆಯಿಲ್. ಎಂಜಿನ್ ಅಡ್ಡಲಾಗಿ ಕೂತ ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಬೆಲ್ಟುಗಳಿರುವ ಕಡೆ ಎಂಜಿನ್, ಚಕ್ರಕ್ಕೆ ಹೋಗುವ ಆಕ್ಸಲ್ ಹೊರಬರುವ ಕಡೆ ಗೇರ್‌ಬಾಕ್ಸ್. ಕಪ್ಪು ಅಥವಾ ಕಂದು ಬಣ್ಣದ ಬದಲು ಕೆಂಪಗಿನ ತೆಳ್ಳನೆಯ ದ್ರವ ಬಂದರೆ ತಕ್ಷಣ ಬೋಲ್ಟ್ ಹಾಕಿ ನಿಲ್ಲಿಸಿ. ಗೇರ್‌ಬಾಕ್ಸ್ ಆಯಿಲ್ ಸರಿಯಾದ ಮಟ್ಟಕ್ಕೆ ತುಂಬುವವರೆಗೆ ಆ ಕಾರು ಅಲ್ಲಾಡಬಾರದು.

ಸ್ಪ್ಯಾನರಿನಿಂದ ಬೋಲ್ಟ್ ಸಡಿಲಿಸಿ, ಉಳಿದ ಸುತ್ತು ಕೈಯಿಂದಲೇ ತಿರುಗಿಸಿ. ತಿರುಗಿಸುವಾಗ ಬೋಲ್ಟನ್ನು ಒಳಕ್ಕೆ ಒತ್ತಿಹಿಡಿದರೆ ಕೊನೆಯ ಎಳೆ ಬಿಡುವವರೆಗೂ ಹೆಚ್ಚು ಸೋರುವುದಿಲ್ಲ; ಆಮೇಲೆ ಒಂದೇ ಸಲ ಪಕ್ಕಕ್ಕೆ ಎಳೆದುಬಿಡಿ. ಮೊದಲ ಧಾರೆ ನೇರವಾಗಿ ಬೀಳದೆ ಒಂದು ಗೇಣು ಮುಂದೆ ಚಿಮ್ಮುತ್ತದೆ, ಟ್ರೇ ಆ ಅಂದಾಜಿನಲ್ಲಿರಲಿ. ಧಾರೆ ಹನಿಯಾಗಲು 10ರಿಂದ 15 ನಿಮಿಷ ಹಿಡಿಯುತ್ತದೆ.

ಆ ಹೊತ್ತಿನಲ್ಲಿ ಬೋಲ್ಟ್ ಒರೆಸಿ ನೋಡಿ. ತುದಿಯಲ್ಲಿ ಆಯಸ್ಕಾಂತವಿದ್ದು ಅದಕ್ಕೆ ನುಣ್ಣನೆಯ ಬೂದು ಪೇಸ್ಟ್ ಅಂಟಿದ್ದರೆ ಗಾಬರಿ ಬೇಡ, ಅದು ದಿನನಿತ್ಯದ ಸವಕಳಿ. ಉಗುರಿಗೆ ಸಿಗುವಂಥ ಲೋಹದ ಚೂರುಗಳಿದ್ದರೆ ಎಂಜಿನ್ ಒಳಗೆ ಏನೋ ತಿನ್ನುತ್ತಿದೆ. ಹಳೆಯ ವಾಷರ್ ಕೆಲವೊಮ್ಮೆ ಸಂಪ್‌ಗೇ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆ) ಅಂಟಿಕೊಂಡಿರುತ್ತದೆ, ಕಿತ್ತು ತೆಗೆದು ಹೊಸದನ್ನು ಹಾಕಿ.

ಬೋಲ್ಟನ್ನು ಬೆರಳಿನಿಂದಲೇ ನಾಲ್ಕೈದು ಸುತ್ತು ಕೂರಿಸಿ. ಮೊದಲ ಸುತ್ತಿಗೇ ಬಿಗಿಯಾದರೆ ಅಡ್ಡ ಕೂರುತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಹಿಡಿಸಿ. ಕೊನೆಯ ಬಿಗಿತ ಮ್ಯಾನ್ಯುಯಲ್ ಹೇಳಿದಷ್ಟೇ. ಬಹುತೇಕ ಕಾರುಗಳಲ್ಲಿ 25ರಿಂದ 40 ನ್ಯೂಟನ್ ಮೀಟರ್. ಅಂದಾಜಿಗೆ ಹೇಳುವುದಾದರೆ, 30 ನ್ಯೂಟನ್ ಮೀಟರ್ ಎಂದರೆ 20 ಸೆಂ.ಮೀ. ಸ್ಪ್ಯಾನರಿನ ತುದಿಗೆ 15 ಕೆ.ಜಿ. ಭಾರ ಹಾಕಿದಷ್ಟು. ಜನ ಎಣಿಸುವುದಕ್ಕಿಂತ ಇದು ಬಹಳ ಕಡಿಮೆ. ಇಂದಿನ ಸಂಪ್‌ಗಳಲ್ಲಿ ಅನೇಕವು ಅಲ್ಯೂಮಿನಿಯಂ. ಉಕ್ಕಿನ ಬೋಲ್ಟ್ ಗೆದ್ದು ಸಂಪ್‌ನ ಥ್ರೆಡ್ ಕಿತ್ತುಬರುತ್ತದೆ. ಆಮೇಲೆ ಉಳಿಯುವುದು ಹೊಸ ಥ್ರೆಡ್ ಕೂರಿಸುವ ಅಥವಾ ಸಂಪನ್ನೇ ಬದಲಿಸುವ ದಾರಿ.

ಫಿಲ್ಟರ್

ತಗಡಿನ ಡಬ್ಬಿಯಂಥ ಫಿಲ್ಟರನ್ನು ಕಪ್ ಅಥವಾ ಪಟ್ಟಿ ಸ್ಪ್ಯಾನರಿನಿಂದ ಬಿಚ್ಚಿ. ಜಾರುತ್ತಿದ್ದರೆ ಸುತ್ತ ಮರಳು ಕಾಗದ ಸುತ್ತಿದರೆ ಹಿಡಿತ ಸಿಗುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಹಳೇ ಉಪಾಯದಲ್ಲಿ ತಗಡು ಹರಿದು ಬುಡ ಮಾತ್ರ ಎಂಜಿನ್ನಿಗೆ ಅಂಟಿ ಉಳಿಯುವುದುಂಟು. ಬಿಚ್ಚಿದ ಕೂಡಲೇ ಹಳೆಯ ಫಿಲ್ಟರಿನ ಬಾಯಲ್ಲಿ ರಬ್ಬರ್ ರಿಂಗ್ ಇದೆಯೇ ನೋಡಿ. ಇಲ್ಲವೆಂದರೆ ಅದು ಎಂಜಿನ್ ಮೇಲೆಯೇ ಅಂಟಿದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಬ್ಬರ್ ಒಂದರ ಮೇಲೊಂದು ಜಾರಿ, ಒತ್ತಡಕ್ಕೆ ಸಿಕ್ಕ ಆಯಿಲ್ ಒಂದೆರಡು ನಿಮಿಷದಲ್ಲೇ ಹೊರಗೆ ಸುರಿದುಹೋಗುತ್ತದೆ. ನಿಲ್ಲಿಸಿದಾಗ ಏನೂ ಸೋರುವುದಿಲ್ಲ, ಓಡುವಾಗ ಎಲ್ಲ ಖಾಲಿ.

ಕೂರುವ ಜಾಗ ಒರೆಸಿ, ಹೊಸ ರಬ್ಬರಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ, ರಬ್ಬರ್ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿಯಿರಿ. ಸ್ಪ್ಯಾನರ್ ಬಿಚ್ಚುವುದಕ್ಕೆ ಮಾತ್ರ.

ಪ್ಲಾಸ್ಟಿಕ್ ಮುಚ್ಚಳದೊಳಗೆ ಕಾಗದದ ಫಿಲ್ಟರ್ ಇರುವ ಕಾರಾದರೆ ಮುಚ್ಚಳದ ಓ-ರಿಂಗ್ ಹೊಸದಾಗಿರಲಿ, ಹಳೆಯದು ಇದ್ದ ತೋಡಿನಲ್ಲೇ ಕೂರಲಿ. ಒಂದು ತೋಡು ಮೇಲೆ ಕೂತರೂ ಸೋರುತ್ತದೆ. ಬಿಗಿತ ಎಷ್ಟೆಂದು ಮುಚ್ಚಳದ ಮೇಲೆಯೇ ಬರೆದಿರುತ್ತದೆ, ಹೆಚ್ಚಾಗಿ 25 ನ್ಯೂಟನ್ ಮೀಟರ್.

ತುಂಬುವುದು, ಚಾಲೂ ಮಾಡುವುದು

ಕಾರನ್ನು ಇಳಿಸಿ ಸಮತಟ್ಟಾಗಿ ನಿಲ್ಲಿಸಿ. ಅಳತೆ 4 ಲೀಟರ್ ಆದರೆ ಮೊದಲು 3.5 ಸುರಿಯಿರಿ. ಸಂಪಿನಲ್ಲಿ ಹಳೆಯದು ಸ್ವಲ್ಪ ಉಳಿದೇ ಇರುತ್ತದೆ. ಮುಚ್ಚಳ ಹಾಕಿ. ಬೋಲ್ಟ್, ಫಿಲ್ಟರ್, ಮುಚ್ಚಳ, ಡಿಪ್‌ಸ್ಟಿಕ್: ನಾಲ್ಕನ್ನೂ ಕೈಯಿಂದ ಮುಟ್ಟಿ ನೋಡಿಯೇ ಕೀ ತಿರುಗಿಸಿ.

ಆಕ್ಸಿಲರೇಟರ್ ಒತ್ತಬೇಡಿ. ಖಾಲಿ ಫಿಲ್ಟರ್ ತುಂಬುವವರೆಗೆ ಕೆಂಪು ಆಯಿಲ್ ದೀಪ ಮೂರ್ನಾಲ್ಕು ಸೆಕೆಂಡ್ ಉರಿಯುವುದು ಸಹಜ. 10 ಸೆಕೆಂಡಿಗೂ ಆರದಿದ್ದರೆ ಎಂಜಿನ್ ನಿಲ್ಲಿಸಿ. ಎರಡು ಮೂರು ನಿಮಿಷ ಓಡುವಾಗ ಪಕ್ಕದಿಂದ ಬಗ್ಗಿ ಟಾರ್ಚ್ ಬಿಟ್ಟು ಬೋಲ್ಟ್, ಫಿಲ್ಟರ್ ಎರಡನ್ನೂ ನೋಡಿ. ಆರಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಕಾಲು ಲೀಟರಿಗಿಂತ ಹೆಚ್ಚಿಲ್ಲದಂತೆ ಸೇರಿಸುತ್ತಾ ಮೇಲಿನ ಗೆರೆಯ ಹತ್ತಿರಕ್ಕೆ ತನ್ನಿ. ಬಹಳಷ್ಟು ಕಾರುಗಳಲ್ಲಿ ಎರಡು ಗೆರೆಗಳ ನಡುವೆ ಸುಮಾರು ಒಂದು ಲೀಟರ್. ಗೆರೆ ದಾಟಿಸಬೇಡಿ. ಹೆಚ್ಚಾದ ಆಯಿಲನ್ನು ತಿರುಗುವ ಕ್ರ್ಯಾಂಕ್ ಬಡಿದು ನೊರೆ ಮಾಡುತ್ತದೆ, ನೊರೆಯಿಂದ ಬೇರಿಂಗಿಗೆ ಬೇಕಾದ ಒತ್ತಡ ಸಿಗುವುದಿಲ್ಲ. ದಾಟಿಬಿಟ್ಟರೆ ಡಿಪ್‌ಸ್ಟಿಕ್ ನಳಿಗೆಯಿಂದ ಪಂಪ್ ಹಾಕಿ ಹೀರಿ ತೆಗೆಯಿರಿ.

ಕಾರು ಕೊಡುವ ಮುನ್ನ

ಕೆಳಗೆ ಚೆಲ್ಲಿದ್ದನ್ನೆಲ್ಲ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಇಲ್ಲದಿದ್ದರೆ ಹಳೆಯ ಹನಿಯೇ ನಾಳೆ ಸೋರಿಕೆಯಂತೆ ಕಂಡು ಅಕ್ಕನ ಫೋನ್ ಬರುತ್ತದೆ. ನಾಲ್ಕೈದು ಕಿ.ಮೀ. ಓಡಿಸಿ ಬಂದು, ಸ್ವಚ್ಛ ರಟ್ಟಿನ ಹಾಳೆ ಕೆಳಗೆ ಹಾಸಿ ಇಪ್ಪತ್ತು ನಿಮಿಷ ಬಿಡಿ. ರಟ್ಟಿನ ಮೇಲೆ ಏನೂ ಬೀಳದಿದ್ದರೆ ಮಾತ್ರ ಪ್ಲಾಸ್ಟಿಕ್ ಕವರ್ ಮತ್ತೆ ಹಾಕಿ. ಕವರ್ ಮೊದಲೇ ಹಾಕಿದರೆ ಸೋರಿದ್ದು ಅದರೊಳಗೇ ನಿಂತು ದಿನಗಟ್ಟಲೆ ಗೊತ್ತಾಗುವುದಿಲ್ಲ.

ಸರ್ವಿಸ್ ಸೂಚನೆ ರೀಸೆಟ್ ಮಾಡಿ. ತಾರೀಖು, ಓಡಿದ ಕಿ.ಮೀ., ಆಯಿಲಿನ ಹೆಸರು, ದಪ್ಪ, ಫಿಲ್ಟರ್ ನಂಬರ್ ಬರೆದು ಬಿಲ್ಲುಗಳ ಜೊತೆ ಮಾಲೀಕರಿಗೇ ಕೊಡಿ. ವಾರಂಟಿಯ ಪ್ರಶ್ನೆ ಬಂದರೆ ಅದೇ ದಾಖಲೆ. ಬಾಯಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿ: ಕೆಂಪು ಆಯಿಲ್ ದೀಪ ಹತ್ತಿದರೆ ಮನೆ ಹತ್ತಿರವೇ ಇದೆ ಎಂದು ಓಡಿಸುವುದಲ್ಲ, ಗಾಡಿ ಬದಿಗೆ ತಂದು ಎಂಜಿನ್ ಆರಿಸಬೇಕು. ಮರುದಿನ ಬೆಳಿಗ್ಗೆ ನೀವೇ ಫೋನ್ ಮಾಡಿ, ಕಾರು ನಿಂತ ಜಾಗ ಒಣಗಿದೆಯೇ ಎಂದು ಕೇಳಿ; ವಾರದ ನಂತರ ಡಿಪ್‌ಸ್ಟಿಕ್ ಫೋಟೊ ಕಳಿಸಲು ಹೇಳಿ.

ಹಳೆಯ ಆಯಿಲನ್ನು ಹೊಸ ಆಯಿಲಿನ ಖಾಲಿ ಕ್ಯಾನಿಗೆ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ಕಡೆ ಕೊಡಿ. ಚರಂಡಿಗೂ ಮಣ್ಣಿಗೂ ಬೇಡ. ಕೂಲೆಂಟ್, ಬ್ರೇಕ್ ಆಯಿಲ್ ಅದಕ್ಕೆ ಬೆರೆಸಬೇಡಿ, ಬೆರೆತದ್ದನ್ನು ಶುದ್ಧೀಕರಣಕ್ಕೆ ತೆಗೆದುಕೊಳ್ಳುವುದು ಕಷ್ಟ. ಫಿಲ್ಟರನ್ನು ಬೋರಲು ಹಾಕಿ ಒಂದು ರಾತ್ರಿ ಬಿಟ್ಟರೆ ಉಳಿದದ್ದೂ ಬಸಿಯುತ್ತದೆ. ಮಿಕ್ಕ ಅರ್ಧ ಲೀಟರ್ ಹೊಸ ಆಯಿಲನ್ನು ಮಾತ್ರ ಕಾರಿನ ಡಿಕ್ಕಿಯಲ್ಲೇ ನೆಟ್ಟಗೆ ಕಟ್ಟಿಡಿ. ಮಟ್ಟ ಇಳಿದಾಗ ಅವರು ಸುರಿಯುವುದು ಅದೇ ಆಯಿಲ್ ಆಗಿರುತ್ತದೆ.