ಗೊತ್ತಿತ್ತು, ಮಾಡ್ತಾ ಇರಲಿಲ್ಲ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಸ್ಟಾಫ್ ನರ್ಸ್. 2020ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಗೌರಿಬಿದನೂರಲ್ಲಿ ಕೊರೊನಾ ಕೇಸು ಬಂದಾಗ ನಮಗೆಲ್ಲ ಗಡಿಬಿಡಿಯಲ್ಲಿ ತರಬೇತಿ ಆಯಿತು. ಸೋಪಲ್ಲಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಕೈ ಉಜ್ಜಬೇಕು. ಮಾಸ್ಕ್ ತೆಗೆಯುವಾಗ ಮುಂಭಾಗ ಮುಟ್ಟಬಾರದು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದ್ದೆ.

ಆದರೆ ಮಾಡುತ್ತಿದ್ದದ್ದೇನು? ಬೆಳಗ್ಗೆ ಹಾಕಿದ ಗ್ಲೌಸು ಮಧ್ಯಾಹ್ನದವರೆಗೂ ಕೈಯಲ್ಲೇ ಇರುತ್ತಿತ್ತು. ಅದರಲ್ಲೇ ರೋಗಿಯ ಬೆರಳಿಗೆ ಆಕ್ಸಿಮೀಟರ್, ಅದರಲ್ಲೇ ರಿಜಿಸ್ಟರು, ಫೋನು, ಜಾರಿದ ಮಾಸ್ಕ್ ಮೇಲಕ್ಕೆ ಎತ್ತಿಕೊಳ್ಳೋದೂ ಅದರಲ್ಲೇ. ಗ್ಲೌಸ್ ಹಾಕಿದ ಮೇಲೆ ಕೈ ತೊಳೆಯುವ ಕೆಲಸ ಮುಗಿಯಿತು ಅನ್ನಿಸಿಬಿಡುತ್ತಿತ್ತು.

ಹೋಂ ಕ್ವಾರಂಟೈನ್‌ನಲ್ಲಿ ಇದ್ದವರನ್ನು ನೋಡಲು ಊರೊಳಗೆ ಹೋಗುತ್ತಿದ್ದೆವು. ಒಬ್ಬ ಅಜ್ಜಿಯ ಮಗ ಬೆಂಗಳೂರಿಂದ ಬಂದಿದ್ದ, ಕೈ ಮೇಲೆ ಸೀಲು. ಪಕ್ಕದಲ್ಲೇ ಹುಳುಮನೆ, ಅಂದರೆ ರೇಷ್ಮೆ ಹುಳು ಸಾಕುವ ಮನೆ. ಹುಳು ಮೂರನೇ ಜ್ವರಕ್ಕೆ (ಪೊರೆ ಕಳಚುವ ಹಂತಕ್ಕೆ) ಹೋಗಿತ್ತು. ನೋಡೋಣ ಅಂತ ಸುಮ್ನೆ ಬಾಗಿಲ ಹತ್ತಿರ ಹೋದೆ ಅಷ್ಟೆ.

"ಅಲ್ಲೇ ನಿಲ್ಲಮ್ಮ ಸಿಸ್ಟರಮ್ಮ! ಎಷ್ಟು ಮನೆ ಸುತ್ತಿ ಬಂದಿದ್ದೀಯೋ ಏನೋ."

ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿತ್ತು. ಅಜ್ಜಿ ಬಕೆಟ್‌ನಲ್ಲಿ ಉಳಿದಿದ್ದ ನಿನ್ನೆಯ ನೀರನ್ನು ಚೆಲ್ಲಿ ಹೊಸದಾಗಿ ಕಲಸುತ್ತಿದ್ದಳು. "ನಿನ್ನೆದು ಬರೀ ನೀರಾಗೋಗಿರುತ್ತೆ, ವಾಸನೆ ಮೂಗಿಗೆ ಹೊಡೀಬೇಕು" ಅಂದಳು. ಹಾಲುತೊಂಡೆ ರೋಗ ಬಂದ ಹುಳುವನ್ನು ಬರಿಗೈಲಿ ಮುಟ್ಟುವುದಿಲ್ಲ, ಕಡ್ಡಿಯಲ್ಲಿ ಎತ್ತಿ ಸುಣ್ಣದ ಬೋಗುಣಿಗೆ ಹಾಕುತ್ತಾಳಂತೆ. ಹಾಲುತೊಂಡೆಯೂ ವೈರಸ್ಸಿಂದಲೇ ಬರೋದು. ಅಜ್ಜಿಗೆ ಆ ಪದ ಗೊತ್ತಿಲ್ಲ, ಒಂದು ಹುಳದಿಂದ ಬೆಳೆಯೇ ಹೋಗುತ್ತೆ ಅನ್ನೋದು ಗೊತ್ತು. ನಮ್ಮ ಕೇಂದ್ರದಲ್ಲೋ, ಮೂರು ದಿನದ ಹಿಂದೆ ಕಲಸಿಟ್ಟ, ಸೋಂಕು ಕಳೆಯುವ ಹೈಪೋಕ್ಲೋರೈಟ್ ದ್ರಾವಣದಲ್ಲೇ ಟೇಬಲ್ ಒರೆಸುತ್ತಿದ್ದೆವು. ನಾಚಿಕೆ ಆಯಿತು.

ಮಾರನೇ ದಿನದಿಂದ ದ್ರಾವಣ ಬೆಳಗ್ಗೆ ಬೆಳಗ್ಗೆ ಹೊಸದು, ಬಕೆಟ್ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಟೈಮು. ಗ್ಲೌಸು ಬೇಕಾದಾಗ ಮಾತ್ರ, ಇಬ್ಬರು ರೋಗಿಗಳ ನಡುವೆ ಕೈಗೆ ಸ್ಯಾನಿಟೈಸರ್. ಪಿಪಿಇ (ಮೈಮುಚ್ಚುವ ರಕ್ಷಣಾ ಉಡುಪು) ಬಿಚ್ಚುವ ಜಾಗದಲ್ಲಿ ಮನೆಯಿಂದ ತಂದ ಕನ್ನಡಿ ನೇತುಹಾಕಿದೆ. ಹಾಕೋದಕ್ಕಿಂತ ಬಿಚ್ಚುವಾಗಲೇ ಅಪಾಯ ಜಾಸ್ತಿ, ಸುಸ್ತಾಗಿರುತ್ತೆ, ಬೆವರು ಬೇರೆ, ಕೈ ತಾನಾಗಿ ಮುಖಕ್ಕೆ ಹೋಗುತ್ತೆ. ಅದಕ್ಕೇ ಒಬ್ಬರು ಬಿಚ್ಚುವಾಗ ಇನ್ನೊಬ್ಬರು ಎದುರು ನಿಂತು "ಮೊದಲು ಗ್ಲೌಸು... ಈಗ ಕೈಗೆ ಸ್ಯಾನಿಟೈಸರ್ ಹಾಕ್ಕೋ..." ಅಂತ ಹೇಳುತ್ತಿದ್ದೆವು.

ಇಷ್ಟಾದರೂ ಆಗಸ್ಟ್‌ನಲ್ಲಿ ನನಗೆ ಪಾಸಿಟಿವ್ ಬಂತು. ರೋಗಿಗಳಿಂದಲೇ ಬಂತು ಅಂತ ನನಗನ್ನಿಸುವುದಿಲ್ಲ. ಅವರ ಮುಂದೆ ಎನ್95 ಹಾಕಿ, ಆಮೇಲೆ ಕಿಟಕಿ ಮುಚ್ಚಿದ ಪುಟ್ಟ ರೂಮಲ್ಲಿ ನಾಲ್ಕು ಜನ ಮಾಸ್ಕ್ ತೆಗೆದಿಟ್ಟು ಚಹಾ ಕುಡಿಯುತ್ತಿದ್ದೆವು. ನಮ್ಮವರಿಂದ ನಮಗೇನು ಬರುತ್ತೆ ಅನ್ನೋ ಭಾವನೆ. ನಾಲ್ವರಲ್ಲಿ ಮೂವರಿಗೆ ಬಂತು! ಆಮೇಲೆ ಚಹಾ ಹೊಂಗೆ ಮರದ ಕೆಳಗೆ, ಒಬ್ಬೊಬ್ಬರಾಗಿ.

ಲಸಿಕೆ ವಿಷಯದಲ್ಲೂ ನಾನೇನು ಶೂರಳಲ್ಲ. 2021ರ ಜನವರಿ 16ರಂದು ನಮ್ಮಂಥವರಿಗೇ ಮೊದಲು ಶುರುವಾಯಿತು. ನನ್ನ ಹೆಸರು ಪಟ್ಟಿಯಲ್ಲಿದ್ದ ದಿನ ತಲೆನೋವು ಅಂತ ಹೇಳಿ ತಪ್ಪಿಸಿಕೊಂಡೆ. ಬೇರೆಯವರು ಹಾಕಿಸಿಕೊಳ್ಳಲಿ, ಆಮೇಲೆ ನೋಡೋಣ ಅಂತ. ಎರಡು ವಾರ ಬಿಟ್ಟು ಹಾಕಿಸಿಕೊಂಡೆ, ರಾತ್ರಿ ಚಳಿಜ್ವರ, ಮಾರನೇ ದಿನ ಸರಿಹೋಯಿತು. ಊರವರು ಕೇಳಿದರೆ ಇದನ್ನೆಲ್ಲ ಮುಚ್ಚಿಡದೆ ಹೇಳುತ್ತಿದ್ದೆ. "ಏನೂ ಆಗಲ್ಲ" ಅನ್ನೋದಕ್ಕಿಂತ ಇದನ್ನೇ ಜನ ಜಾಸ್ತಿ ನಂಬಿದರು.

ಮಾರ್ಚ್‌ನಲ್ಲಿ 60 ದಾಟಿದವರಿಗೆ ಶುರುವಾದಾಗ ಹುಳುಮನೆ ಅಜ್ಜಿಯೂ ಬಂದಳು. "ಸೊಪ್ಪು ಕೊಯ್ಯೋ ಕೈ ಬೇಡಮ್ಮ, ಎಡಗೈಗೆ ಹಾಕು." ಸಿರಿಂಜಿಗೆ 0.5 ಎಂಎಲ್ ಎಳೆಯುತ್ತಿದ್ದೆ, ಬಾಟಲಿ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು.

"ಇವತ್ತಿನದೇ ತಾನೆ?"

ಓಪನ್ ಮಾಡಿದ ಮೇಲೆ ನಾಲ್ಕೇ ಗಂಟೆ, ಉಳಿದರೆ ಬಿಸಾಕುತ್ತೇವೆ ಅಂತ ಹೇಳಿ, ಬಾಟಲಿ ಮೇಲೆ ಬರೆದಿದ್ದ ಟೈಮ್ ತೋರಿಸಿದೆ. ಹತ್ತು ಇಪ್ಪತ್ತು. ಗೋಡೆ ಗಡಿಯಾರ ಒಮ್ಮೆ ನೋಡಿ ತೋಳು ಮುಂದೆ ಚಾಚಿದಳು.