ಒಂದೇ ಥರದ ಹಾಕಿ ಬ್ಯಾಗು, ಒಂದೇ ಬೆಲ್ಟು: ಲಗೇಜ್ ಅದಲುಬದಲಾಗದಂತೆ ನಾವು ಮಾಡಿಕೊಂಡ ವ್ಯವಸ್ಥೆ

ಕೊಡಗಿನ ಪೊನ್ನಂಪೇಟೆ, ಗೋಣಿಕೊಪ್ಪ ಕಡೆಯ ಹುಡುಗ ಹುಡುಗಿಯರನ್ನು ಹಾಕಿ ಟೂರ್ನಿಗಳಿಗೆ ಕರೆದುಕೊಂಡು ಹೋಗುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆಟವನ್ನು ಕೋಚ್ ನೋಡಿಕೊಳ್ಳುತ್ತಾರೆ. ಟಿಕೆಟ್, ಊಟ, ರೂಮು, ಲಗೇಜು ಎಲ್ಲ ನನ್ನ ಜವಾಬ್ದಾರಿ. ಮೊದಲೆಲ್ಲ ಮೈಸೂರಿಗೆ ಬಸ್ಸು, ಅಲ್ಲಿಂದ ರೈಲು. ಬ್ಯಾಗು ನಮ್ಮ ಸೀಟಿನ ಕೆಳಗೇ ಇರುತ್ತಿತ್ತು. ಈಗ ಭುವನೇಶ್ವರ, ರಾಂಚಿ, ದೆಹಲಿ ಅಂದರೆ ಹೆಚ್ಚಾಗಿ ವಿಮಾನ. ಹಾಕಿ ಸ್ಟಿಕ್ಕನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ. ಹಾಗಾಗಿ ಆಟದ ಸಾಮಾನು ಹೆಚ್ಚಿನದು ಚೆಕ್-ಇನ್‌ಗೆ ಹೋಗಲೇಬೇಕು.

ತಲೆನೋವು ಶುರುವಾಗುವುದು ಅಲ್ಲೇ. ತಂಡಕ್ಕೆ ಬ್ಯಾಗು ಕೊಡಿಸುವವರು ಎಲ್ಲರಿಗೂ ಒಂದೇ ಥರದ್ದು ಕೊಡಿಸುತ್ತಾರೆ. ಕಪ್ಪು ಬಣ್ಣ, ಒಂದೇ ಅಳತೆ, ಒಂದೇ ಕಂಪನಿ. ಟೂರ್ನಿ ಇದ್ದ ವಾರ ಅದೇ ವಿಮಾನದಲ್ಲಿ ಬೇರೆ ತಂಡವೂ ಬರುತ್ತದೆ. ಅವರದ್ದೂ ಕಪ್ಪು ಬ್ಯಾಗೇ. ನಮ್ಮ ಊರಿನ ಕೌಟುಂಬಿಕ ಹಾಕಿಯಲ್ಲಾದರೆ ಈ ಗೊಂದಲ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಆ ಉತ್ಸವದಲ್ಲಿ ಮನೆತನಕ್ಕೊಂದು ತಂಡ. ಯಾರು ಯಾವ ಮನೆಯವರು ಅಂತ ನೋಡುತ್ತಿರುವ ಎಲ್ಲರಿಗೂ ಗೊತ್ತು. ರಾಂಚಿ ವಿಮಾನ ನಿಲ್ದಾಣದಲ್ಲಿ ಲಗೇಜು ಬರುವ ಬೆಲ್ಟಿನ ಮುಂದೆ ನಮ್ಮನ್ನು ಯಾರಿಗೆ ಗೊತ್ತು?

ಬ್ಯಾಗಿಗೆ ಗುರುತು ಹಾಕುವಾಗ ಎಲ್ಲರೂ ಯೋಚಿಸುವುದು ‘ನನ್ನ ಬ್ಯಾಗು ನನಗೆ ಗೊತ್ತಾಗಬೇಕು’ ಅಂತ. ನಾನು ಯೋಚಿಸುವುದು ಬೇರೆಯವರ ಬಗ್ಗೆ. ನಮ್ಮ ಬ್ಯಾಗು ಬೆಲ್ಟಿನ ಮೇಲೆ ಬರುವಾಗ ನಾವು ಅಲ್ಲಿ ಇರದೆಯೂ ಹೋಗಬಹುದು. ಒಬ್ಬ ಹುಡುಗ ಟಾಯ್ಲೆಟ್‌ಗೆ ಹೋಗಿರುತ್ತಾನೆ, ಇನ್ನೊಬ್ಬ ನೀರು ಹುಡುಕುತ್ತಿರುತ್ತಾನೆ. ಆ ಹೊತ್ತಿಗೆ ಅದೇ ಥರದ ಬ್ಯಾಗಿರುವ ಯಾರೋ ಅವಸರದಲ್ಲಿ ಕೈ ಹಾಕುತ್ತಾರೆ. ‘ಇದು ನಿನ್ನದಲ್ಲ’ ಅಂತ ಆ ಕೈಯನ್ನು ತಡೆಯುವುದೇ ಗುರುತಿನ ಕೆಲಸ. ಅದು ಹತ್ತಾರು ಅಡಿ ದೂರದಿಂದ ಕಾಣಬೇಕು. ಬ್ಯಾಗು ಯಾವ ಮಗ್ಗುಲಿಗೆ ಬಿದ್ದಿದ್ದರೂ ಕಾಣಬೇಕು. ಹಿಡಿಗೆ ತೂಗುಹಾಕಿದ ಸಣ್ಣ ಚೀಟಿಯಿಂದ ಇದು ಆಗುವುದಿಲ್ಲ. ಚೀಟಿ ಓದಬೇಕಾದರೆ ಬ್ಯಾಗನ್ನು ಎತ್ತಿಯೇ ಆಗಬೇಕು. ಎತ್ತಿದ ಮೇಲೆ ಎಷ್ಟು ಜನ ಓದುತ್ತಾರೆ?

ಮೊದಲು ಜೆರ್ಸಿ ನಂಬರ್ ಬರೆಸೋಣ ಅಂತ ಕೋಚ್ ಹೇಳಿದರು. ತಂಡದ ಒಳಗೆ ಅದು ಒಳ್ಳೆಯ ಉಪಾಯ. ಆದರೆ ಎದುರಿನ ತಂಡದಲ್ಲೂ ಒಬ್ಬ 10ನೇ ನಂಬರ್ ಇರುತ್ತಾನೆ, ಅಲ್ವಾ? ಅದಕ್ಕೆ ನಾವು ಎರಡು ಗುರುತು ಇಟ್ಟುಕೊಂಡಿದ್ದೇವೆ. ಒಂದು ತಂಡದ್ದು, ಇನ್ನೊಂದು ಆಟಗಾರನದ್ದು.

ತಂಡದ ಗುರುತು ಗಾಢ ಹಳದಿ ರೆಕ್ಸಿನ್ ಪಟ್ಟಿ. ಗೋಣಿಕೊಪ್ಪದ ಟೈಲರ್ ಒಬ್ಬರು ದಪ್ಪ ನೂಲಿನಲ್ಲಿ ಹೊಲಿದು ಕೊಡುತ್ತಾರೆ. ಬ್ಯಾಗಿನ ಎರಡೂ ತುದಿಗೆ ಒಂದೊಂದು, ಮೇಲೆ ಒಂದು, ತಳದಲ್ಲಿ ಒಂದು. ಹಳದಿಯ ಮೇಲೆ ದೊಡ್ಡ ಕಪ್ಪು ಅಕ್ಷರದಲ್ಲಿ ‘ಪೊನ್ನಂಪೇಟೆ’ ಅಂತ ಕನ್ನಡದಲ್ಲೇ ಬರೆಸಿದ್ದೇವೆ. ಭುವನೇಶ್ವರದಲ್ಲಿ ಕನ್ನಡ ಯಾರು ಓದುತ್ತಾರೆ ಅಂತ ಕೆಲವು ಪೋಷಕರು ಕೇಳಿದರು. ಓದಲು ಬಾರದಿರುವುದೇ ಅಲ್ಲಿ ಉಪಯೋಗಕ್ಕೆ ಬರುತ್ತದೆ. ತನಗೆ ಗೊತ್ತಿಲ್ಲದ ಲಿಪಿ ಕಂಡರೆ ಇದು ತನ್ನ ಬ್ಯಾಗಲ್ಲ ಅಂತ ಯಾರಿಗಾದರೂ ಆ ಕ್ಷಣವೇ ತಿಳಿಯುತ್ತದೆ. ವಾಪಸ್ ಬೆಂಗಳೂರಿಗೆ ಬಂದಾಗ ಕನ್ನಡದ ಊರ ಹೆಸರೇ ಕೆಲಸ ಮಾಡುತ್ತದೆ.

ಆಟಗಾರನ ಗುರುತು ಜೆರ್ಸಿ ನಂಬರ್. ಅದೇ ಪಟ್ಟಿಯ ಮೂಲೆಯಲ್ಲಿ, ಬಟ್ಟೆಗೆ ಹಚ್ಚುವ ಪೇಂಟಿನಲ್ಲಿ ಬರೆಯುತ್ತೇವೆ. ಸ್ಟಿಕ್ಕರ್ ಅಂಟಿಸಬೇಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಗೋಡೆಯೇ ಒದ್ದೆ. ಕಪಾಟಿನಲ್ಲಿಟ್ಟ ಬ್ಯಾಗಿಗೆ ಬೂಷ್ಟು ಹಿಡಿಯುತ್ತದೆ. ಅಂಟು ತಾನಾಗಿ ಬಿಟ್ಟುಕೊಳ್ಳುತ್ತದೆ. ಮಾರ್ಕರ್ ಪೆನ್ನಿನ ಅಕ್ಷರ ಜೀಪಿನ ಮೇಲೆ ಮಳೆಯಲ್ಲಿ ಕೆಲವು ಸಲ ಹೋಗಿ ಬಂದರೆ ಮಸುಕಾಗುತ್ತದೆ. ರಿಬ್ಬನ್ ಕೂಡ ನನಗೆ ಇಷ್ಟವಿಲ್ಲ. ಕೆಂಪು ರಿಬ್ಬನ್ ಕಟ್ಟಿದ ಕಪ್ಪು ಸೂಟ್‌ಕೇಸ್ ಪ್ರತಿ ಬೆಲ್ಟಿನಲ್ಲೂ ಇರುತ್ತದೆ. ಜೋತಾಡುವ ತುದಿ ಬೆಲ್ಟಿನ ಸಂದಿಗೆ ಸಿಕ್ಕಿ ಹರಿದೂ ಹೋಗುತ್ತದೆ.

ಇನ್ನು ಹೆಸರಿನ ಚೀಟಿ. ಕೊಡಗಿನವರು ಇಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ವಹಿಸಬೇಕು. ನಮ್ಮಲ್ಲಿ ಕಾರ್ಯಪ್ಪ, ಬೋಪಣ್ಣ, ಪೊನ್ನಮ್ಮ, ಮುತ್ತಮ್ಮ ಎಷ್ಟು ಜನ! ಒಂದೇ ತಂಡದಲ್ಲಿ ಇಬ್ಬರು ಬೋಪಣ್ಣ ಇರುವುದು ಸಾಮಾನ್ಯ. ಇಬ್ಬರ ಮನೆತನದ ಹೆಸರೂ ಒಂದೇ ಅಕ್ಷರದಿಂದ ಶುರುವಾದರೆ ಇನಿಶಿಯಲ್ ಕೂಡ ಒಂದೇ. ಅದಕ್ಕೆ ಮನೆತನದ ಹೆಸರನ್ನು ಪೂರ್ತಿ ಬರೆಯಿರಿ. ಟಿಕೆಟ್‌ನಲ್ಲಿ ಯಾವ ಕಾಗುಣಿತ, ಯಾವ ಕ್ರಮ ಇದೆಯೋ ಅದೇ ಚೀಟಿಯಲ್ಲೂ ಇರಲಿ. ಬ್ಯಾಗು ಸಿಕ್ಕಾಗ ವಿಮಾನ ಕಂಪನಿಯವರು ಹುಡುಕುವುದು ಟಿಕೆಟ್‌ನ ಹೆಸರಿನಿಂದ. ಮನೆಯಲ್ಲಿ ಕರೆಯುವ ಹೆಸರು ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಫೋನ್ ನಂಬರ್ ಎರಡು ಬರೆಯುತ್ತೇವೆ, +91 ಸೇರಿಸಿ. ಮೊದಲನೆಯದು ನನ್ನದು. ಎರಡನೆಯದು ಊರಲ್ಲಿರುವ ಪೋಷಕರದ್ದು. ಮಕ್ಕಳ ನಂಬರ್ ಬೇಡ. ಪಂದ್ಯದ ದಿನ ಅವರ ಫೋನು ಆಫ್ ಆಗಿರುತ್ತದೆ. ಮನೆ ವಿಳಾಸವನ್ನು ಹೊರಗಿನ ಚೀಟಿಯಲ್ಲಿ ಬರೆಯುವುದೇ ಇಲ್ಲ. ತೋಟದ ನಡುವಿನ ಒಂಟಿ ಮನೆಗಳು ನಮ್ಮವು. ಮನೆಯವರು ಊರಲ್ಲಿಲ್ಲ ಅಂತ ಸಾರಿ ಹೇಳಿದ ಹಾಗಾಗುತ್ತದೆ.

ವಿಳಾಸ ಬ್ಯಾಗಿನ ಒಳಗೆ ಇರುತ್ತದೆ. ಬ್ಯಾಗು ತೆರೆದ ತಕ್ಷಣ ಕಾಣುವ ಹಾಗೆ, ಎಲ್ಲ ಬಟ್ಟೆಯ ಮೇಲೆ ಒಂದು ಹಾಳೆ. ಅದರಲ್ಲಿ ಹೆಸರು, ಎರಡು ಫೋನ್ ನಂಬರ್, ನಾವು ಉಳಿಯುವ ಜಾಗ, ಯಾವ ತಾರೀಕಿನವರೆಗೆ ಅಲ್ಲಿರುತ್ತೇವೆ, ಆಮೇಲೆ ಎಲ್ಲಿಗೆ ಹೋಗುತ್ತೇವೆ ಎಲ್ಲವೂ ಇಂಗ್ಲಿಷಿನಲ್ಲಿ. ಹೊರಗಿನ ಚೀಟಿ, ಏರ್‌ಲೈನ್ ಟ್ಯಾಗು ಎರಡೂ ಹರಿದುಹೋದರೆ ಉಳಿಯುವುದು ಇದೊಂದೇ. ಹಾಳೆಯನ್ನು ಜಿಪ್ ಕವರಿಗೆ ಹಾಕಿಯೇ ಇಡಬೇಕು. ಕೊಡಗಿನಿಂದ ಹೊರಟ ಬ್ಯಾಗಿನಲ್ಲಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ) ಬಾಟಲಿಯೋ ಜೇನೋ ಇದ್ದೇ ಇರುತ್ತದೆ. ಸೋರಿದರೆ ಅಕ್ಷರ ಉಳಿಯುವುದಿಲ್ಲ.

ಈ ಹಾಳೆಯ ಬೆಲೆ ನಮಗೆ ಗೊತ್ತಾದದ್ದು ದೆಹಲಿಯಲ್ಲಿ. ಆಗಿನ್ನೂ ಹಳದಿ ಪಟ್ಟಿ ಇರಲಿಲ್ಲ. ನಮ್ಮ ಒಬ್ಬ ಡಿಫೆಂಡರ್‌ನ ಬ್ಯಾಗನ್ನು ಅದೇ ವಿಮಾನದಲ್ಲಿ ಬಂದ ಬೇರೆ ತಂಡದ ಹುಡುಗ ತೆಗೆದುಕೊಂಡು ಹೋದ. ಬೆಲ್ಟಿನಲ್ಲಿ ಅವನ ಬ್ಯಾಗು ಅನಾಥವಾಗಿ ಸುತ್ತುತ್ತಿತ್ತು. ನೋಡಲು ನಮ್ಮದೇ. ಅದರ ಮೇಲೆ ಒಂದು ಹೆಸರೂ ಇಲ್ಲ, ನಂಬರೂ ಇಲ್ಲ. ನಾವು ಕೌಂಟರಿನಲ್ಲಿ ದೂರು ಬರೆಸುತ್ತಿರುವಾಗಲೇ ನನ್ನ ಫೋನು ರಿಂಗಾಯಿತು. ಆ ಹುಡುಗ ಹಾಸ್ಟೆಲ್ ತಲುಪಿ ಬ್ಯಾಗು ತೆರೆದಿದ್ದ. ಮೇಲಿದ್ದ ಹಾಳೆ ನೋಡಿ ಗಾಬರಿಯಾಗಿ ಕರೆ ಮಾಡಿದ. ಅವತ್ತು ಸಂಜೆಯೇ ಬ್ಯಾಗು ಬಂತು. ಅವನ ಬ್ಯಾಗು ನಮ್ಮ ಕೈಗೆ ಸಿಕ್ಕಿದ್ದರೆ ನಾವು ಯಾರಿಗೆ ಫೋನ್ ಮಾಡಬೇಕಿತ್ತು ಹೇಳಿ?

ಇಷ್ಟೂ ನಮ್ಮ ಕಡೆಯ ಗುರುತು. ಕೌಂಟರಿನಲ್ಲಿ ಹಾಕುವ ಬಾರ್‌ಕೋಡ್ ಟ್ಯಾಗು ಯಂತ್ರಕ್ಕಾಗಿ. ಅದನ್ನೂ ಓದಲು ಕಲಿತರೆ ಒಳ್ಳೆಯದು. ಅದರಲ್ಲಿ 10 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಮೊದಲ ಅಂಕಿ ಬಿಟ್ಟು ಮುಂದಿನ ಮೂರು ವಿಮಾನ ಕಂಪನಿಯದ್ದು. ಏರ್ ಇಂಡಿಯಾಕ್ಕೆ 098, ಇಂಡಿಗೋಗೆ 312. ಕೊನೆಯ ಆರು ಅಂಕಿ ಆ ಬ್ಯಾಗಿನದ್ದೇ. ಅಲ್ಲೇ ದೊಡ್ಡದಾಗಿ ಮೂರು ಅಕ್ಷರ ಇರುತ್ತದೆ, ಬ್ಯಾಗು ಇಳಿಯಬೇಕಾದ ಊರಿನ ಕೋಡ್. ಬೆಂಗಳೂರು ಬಿಎಲ್‌ಆರ್, ಭುವನೇಶ್ವರ ಬಿಬಿಐ, ಕಣ್ಣೂರು ಸಿಎನ್ಎನ್. ಮಂಗಳೂರು ಐಎಕ್ಸ್‌ಇ, ರಾಂಚಿ ಐಎಕ್ಸ್‌ಆರ್. ನೋಡಿ, ಈ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ! ಬ್ಯಾಗು ಬೆಲ್ಟಿನಲ್ಲಿ ಒಳಗೆ ಹೋಗುವ ಮೊದಲೇ ಆ ಅಕ್ಷರ ನೋಡಿಬಿಡಿ. ವಿಮಾನ ಬದಲಿಸುವ ಪ್ರಯಾಣವಾದರೆ ಕೊನೆಯ ಊರಿನ ಕೋಡ್ ಇದೆಯೋ, ನಡುವಿನ ಊರಿನದ್ದೋ ಅಂತ ಕೇಳಿ ಖಚಿತ ಮಾಡಿಕೊಳ್ಳಿ.

ಟ್ಯಾಗಿನ ಜೊತೆ ಅದೇ ಸಂಖ್ಯೆಯ ಸಣ್ಣ ಬಾರ್‌ಕೋಡ್ ಸ್ಟಿಕ್ಕರ್‌ಗಳು ಬರುತ್ತವೆ. ಅವನ್ನು ಬ್ಯಾಗಿನ ಮೈಗೆ ಅಂಟಿಸುತ್ತಾರೆ. ದೊಡ್ಡ ಟ್ಯಾಗು ಹರಿದುಹೋದರೆ ಇವೇ ಆಧಾರ. ಪ್ರಯಾಣ ಮುಗಿದ ಮೇಲೆ ಮಾತ್ರ ಎಲ್ಲವನ್ನೂ ಕಿತ್ತು ಹಾಕಬೇಕು. ಹಳೆಯ ಟ್ಯಾಗುಗಳನ್ನು ಮೆಡಲ್ ಥರ ಉಳಿಸಿಕೊಳ್ಳುವುದು ನಮ್ಮ ಹುಡುಗರಿಗೆ ಬಲು ಇಷ್ಟ. ಮನೆಯ ಗೋಡೆಗೆ ಅಂಟಿಸಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಬ್ಯಾಗಿನ ಮೇಲೆ ಬಿಟ್ಟರೆ ಯಂತ್ರ ಹಳೆಯ ಬಾರ್‌ಕೋಡ್ ಓದಿ ಬ್ಯಾಗು ದಾರಿ ತಪ್ಪಬಹುದು.

ಗುಂಪಾಗಿ ಹೋಗುವವರು ಒಂದು ವಿಷಯ ಗಮನಿಸಲೇಬೇಕು. ಎಲ್ಲರ ತೂಕ ಒಟ್ಟಿಗೆ ಲೆಕ್ಕ ಹಾಕಿದಾಗ ಕೌಂಟರಿನಲ್ಲಿ ಕೆಲವು ಸಲ ಎಲ್ಲ ಟ್ಯಾಗುಗಳನ್ನೂ ಒಬ್ಬರ ಹೆಸರಿನಲ್ಲೇ ಮುದ್ರಿಸುತ್ತಾರೆ. ಬೇಗ ಮುಗಿಯುತ್ತದೆ ಅಂತ ನಾವೂ ಸುಮ್ನೆ ಇರುತ್ತೇವೆ. ಆಮೇಲೆ ಯಾವುದೋ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಸಿಕ್ಕರೆ ಕರೆಯುವುದು ಟ್ಯಾಗಿನಲ್ಲಿರುವ ಹೆಸರನ್ನೇ. ಪವರ್ ಬ್ಯಾಂಕನ್ನು ಚೆಕ್-ಇನ್‌ಗೆ ಹಾಕುವಂತಿಲ್ಲ ಅಂತ ಎಷ್ಟು ಹೇಳಿದರೂ ಯಾರಾದರೊಬ್ಬರು ಹಾಕಿಯೇ ಇರುತ್ತಾರೆ. ಬ್ಯಾಗು ಕಳೆದರೆ ಇನ್ನೂ ಕಷ್ಟ, ಯಾವ ಟ್ಯಾಗು ಯಾರ ಬ್ಯಾಗಿನದ್ದು ಅಂತ ಹೇಳಲಾಗುವುದಿಲ್ಲ. ಅದಕ್ಕೆ ಅವರವರ ಹೆಸರಿನಲ್ಲೇ ಟ್ಯಾಗು ಕೊಡಿ ಅಂತ ನಾನು ಮೊದಲೇ ಕೇಳುತ್ತೇನೆ. ಆಗದಿದ್ದರೆ ಜೆರ್ಸಿ ನಂಬರ್ ಕ್ರಮದಲ್ಲೇ ಬ್ಯಾಗು ಇಡಿಸುತ್ತೇನೆ. ಟ್ಯಾಗಿನ ಸಂಖ್ಯೆಗಳೂ ಹೆಚ್ಚಾಗಿ ಒಂದರ ಹಿಂದೆ ಒಂದು ಬರುತ್ತವೆ. ಪ್ರತಿ ಜೆರ್ಸಿ ನಂಬರಿನ ಮುಂದೆ ಕೊನೆಯ ಮೂರು ಅಂಕಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಟ್ಯಾಗು ಕಟ್ಟಿದ ಬ್ಯಾಗಿನ ಫೋಟೋ ತೆಗೆಯುವುದು ಕ್ಯಾಪ್ಟನ್ ಕೆಲಸ.

ಸ್ಟಿಕ್ ಬ್ಯಾಗು ಉದ್ದ. ನಾಲ್ಕೈದನ್ನು ಹಗ್ಗದಲ್ಲಿ ಕಟ್ಟಿ ಒಂದೇ ಟ್ಯಾಗು ಹಾಕಿಸುವ ತಂಡಗಳನ್ನು ನೋಡಿದ್ದೇನೆ. ಹಗ್ಗ ಬಿಚ್ಚಿದರೆ ಒಂದಕ್ಕೆ ಮಾತ್ರ ಟ್ಯಾಗು, ಉಳಿದವು ಯಾರದ್ದೂ ಅಲ್ಲ. ನಾವು ಎಲ್ಲ ಸ್ಟಿಕ್ಕನ್ನೂ ಒಂದೇ ದೊಡ್ಡ ಚೀಲಕ್ಕೆ ಹಾಕಿ ಜಿಪ್ ಎಳೆಯುತ್ತೇವೆ. ಪ್ರತಿ ಸ್ಟಿಕ್ಕಿನ ಹಿಡಿಯಲ್ಲೂ ಹೆಸರಿನ ಟೇಪ್ ಇರುತ್ತದೆ. ಗೋಲ್‌ಕೀಪರ್ ಕಿಟ್ಟು ಇನ್ನೂ ದೊಡ್ಡದು. ದೊಡ್ಡ ಲಗೇಜು ಹೆಚ್ಚಾಗಿ ಮಾಮೂಲಿ ಬೆಲ್ಟಿಗೆ ಬರುವುದಿಲ್ಲ, ಪಕ್ಕದ ಬೇರೆ ಬಾಗಿಲಿನಿಂದ ಬರುತ್ತದೆ. ಎಲ್ಲರೂ ಬೆಲ್ಟು ನೋಡುತ್ತಾ ನಿಂತರೆ ಅದನ್ನು ಕಾಯುವವರೇ ಇರುವುದಿಲ್ಲ. ಅಲ್ಲಿಗೆ ಒಬ್ಬರನ್ನು ಮೊದಲೇ ನೇಮಿಸುತ್ತೇವೆ.

ಕಿಟ್ಟಿನಲ್ಲಿ ಏರ್‌ಟ್ಯಾಗ್ ಕೂಡ ಒಂದಿದೆ. 2021ರಲ್ಲಿ ಬಂದ ಈ ಬಿಲ್ಲೆ ಸುತ್ತಮುತ್ತ ಇರುವ ಐಫೋನುಗಳ ಮೂಲಕ ತಾನಿರುವ ಜಾಗ ತಿಳಿಸುತ್ತದೆ. ವಿಮಾನ ನಿಲ್ದಾಣದಲ್ಲಿ ಐಫೋನಿಗೆ ಬರವಿಲ್ಲ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬೇರೆಯವರು ತಪ್ಪಿ ಎತ್ತುವುದನ್ನು ಅದು ತಡೆಯುವುದಿಲ್ಲ. ಹಳದಿ ಪಟ್ಟಿಯ ಜಾಗಕ್ಕೆ ಅದು ಬರಲಾರದು.

ಇಳಿದ ಮೇಲೆ ನಮ್ಮ ನಿಯಮ ಒಂದೇ. ಬ್ಯಾಗು ಇಳಿಸುವವರು ಇಬ್ಬರು, ಉಳಿದವರು ಗೋಡೆ ಪಕ್ಕ ಸಾಲಾಗಿ ನಿಲ್ಲಬೇಕು. ಇಳಿಸಿದ ಬ್ಯಾಗು ನನ್ನ ಮುಂದೆ ಬರುತ್ತದೆ. ನೋಟ್‌ಬುಕ್ಕಿನ ಮೂರು ಅಂಕಿ ಟ್ಯಾಗಿಗೆ ತಾಳೆಯಾದರೆ ಮಾತ್ರ ಆಟಗಾರನ ಕೈಗೆ. ನಾವು ಹೋದ ಕಡೆಗಳಲ್ಲಿ ಬಾಗಿಲಲ್ಲಿ ಟ್ಯಾಗು ನೋಡುವವರು ಯಾರೂ ಇರಲಿಲ್ಲ. ಹಾಗಾಗಿ ನೋಡುವ ಕೆಲಸ ನಾವೇ ಮಾಡಬೇಕು. ಎಲ್ಲ ಬ್ಯಾಗು ಲೆಕ್ಕಕ್ಕೆ ಸಿಗುವವರೆಗೆ ಒಬ್ಬರೂ ಹೊರಗೆ ಕಾಲಿಡುವುದಿಲ್ಲ. ಬಸ್ ಡ್ರೈವರ್ ಎಷ್ಟೇ ಫೋನ್ ಮಾಡಲಿ.

ಬ್ಯಾಗು ಬರಲಿಲ್ಲ ಅಂದರೆ ಆ ಹಾಲ್ ಬಿಡುವ ಮೊದಲೇ ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರಿಗೆ ಹೋಗಿ ಪಿಐಆರ್ (ಪ್ರಾಪರ್ಟಿ ಇರೆಗ್ಯುಲಾರಿಟಿ ರಿಪೋರ್ಟ್, ಅಂದರೆ ಲಗೇಜಿನ ದೂರಿನ ಹಾಳೆ) ಬರೆಸಿ. ಅದರ ರೆಫರೆನ್ಸ್ ನಂಬರ್ ಪಡೆಯಿರಿ, ಆ ಹಾಳೆಯ ಫೋಟೋ ತೆಗೆದುಕೊಳ್ಳಿ. ಬ್ಯಾಗು ಹೇಗಿತ್ತು ಅಂತ ಅವರು ಕೇಳುತ್ತಾರೆ. ‘ಕಪ್ಪು ಬ್ಯಾಗು’ ಅಂದರೆ ಅವರೇನು ಮಾಡಲು ಸಾಧ್ಯ? ‘ಕಪ್ಪು ಬ್ಯಾಗು, ಎರಡೂ ತುದಿಗೆ ಹಳದಿ ಪಟ್ಟಿ, ಮೇಲೆ 7’ ಅಂತ ಹೇಳಿ ಫೋಟೋ ತೋರಿಸಿದರೆ ಅವರಿಗೂ ಹುಡುಕುವುದು ಸುಲಭ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗಿಗೆ ಹಾನಿಯಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಹಾಗಿದೆ. ಗಲ್ಫ್‌ಗೆ ಹೋಗಿ ಬರುವ ನಮ್ಮ ವಿರಾಜಪೇಟೆ ಕಡೆಯವರಿಗೆ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಿಂದ ಹಾರುವವರು ಈಗ ಬೇಕಾದಷ್ಟು ಜನ.

ಇಷ್ಟೆಲ್ಲ ಮಾಡಿದರೂ ಬ್ಯಾಗು ಒಂದು ದಿನ ತಡವಾಗಬಹುದು. ಅದಕ್ಕೆ ಶೂ, ಶಿನ್ ಗಾರ್ಡ್, ಮೌತ್ ಗಾರ್ಡ್, ಒಂದು ಜೊತೆ ಜೆರ್ಸಿಯನ್ನು ಪ್ರತಿಯೊಬ್ಬರೂ ಕ್ಯಾಬಿನ್ ಬ್ಯಾಗಿನಲ್ಲೇ ಇಟ್ಟುಕೊಳ್ಳುತ್ತಾರೆ. ಸ್ಟಿಕ್ಕನ್ನು ಬೇರೆ ತಂಡದವರಿಂದ ಎರವಲು ಪಡೆಯಬಹುದು. ಬೇರೆಯವರ ಶೂ ಹಾಕಿಕೊಂಡು ಟರ್ಫಿನ ಮೇಲೆ ಓಡಲು ಆಗುವುದಿಲ್ಲ.