ಬಿಎಂಡಬ್ಲ್ಯು ಡೀಸೆಲ್‌ನಲ್ಲಿ ಕರಕರ ಸದ್ದೇ? ಟೈಮಿಂಗ್ ಚೈನ್ ನೋಡಿಸಿ

ಹೊಸ ಸಣ್ಣ ಕಾರಿನ ದುಡ್ಡಿಗೆ ಹತ್ತು-ಹದಿನೈದು ವರ್ಷ ಹಳೆಯ ಬಿಎಂಡಬ್ಲ್ಯು 320ಡಿ ಸಿಗುತ್ತದೆ ಎಂದರೆ ಯಾರಿಗಾದರೂ ಆಸೆಯಾಗುತ್ತದೆ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂಥ ಗಾಡಿಗಳಿಗೆ ಬರವಿಲ್ಲ. ಬಣ್ಣ ಮಾಸಿರುವುದಿಲ್ಲ, ಸೀಟು ಹರಿದಿರುವುದಿಲ್ಲ, ಕಾಲಿಟ್ಟರೆ ಸಾಕು ಮುಂದೆ ಹಾರುತ್ತದೆ. ಆದರೆ ಅದರೊಳಗೆ ಎನ್47 ಡೀಸೆಲ್ ಎಂಜಿನ್ ಇದ್ದರೆ, ಕೊಳ್ಳುವ ಮೊದಲು ಒಂದು ಪಾರ್ಟಿನ ಬಗ್ಗೆ ವಿಚಾರಿಸಲೇಬೇಕು. ಈಗಾಗಲೇ ಕೊಂಡಿದ್ದರೆ ಆ ಪಾರ್ಟಿನ ಮೇಲೆ ಕಿವಿ ಇಟ್ಟಿರಬೇಕು. ಅದೇ ಟೈಮಿಂಗ್ ಚೈನ್.

ತೊಂದರೆ ಇರುವುದು ಎಲ್ಲಿ?

ಎನ್47 ಅಂದರೆ 1995 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್. 2007ರಲ್ಲಿ ಬಂತು. 320ಡಿ, 520ಡಿ, ಎಕ್ಸ್1, ಎಕ್ಸ್3 ಹೀಗೆ ಹಲವು ಮಾಡೆಲ್‌ಗಳಿಗೆ ಇದನ್ನೇ ಹಾಕಿದರು. ಬಿಎಂಡಬ್ಲ್ಯು ಚೆನ್ನೈ ಹತ್ತಿರ ಕಾರ್ಖಾನೆ ತೆರೆದದ್ದೂ ಅದೇ 2007ರಲ್ಲಿ. ಹಾಗಾಗಿ ಈ ಎಂಜಿನ್ನಿನ ಗಾಡಿಗಳು ನಮ್ಮ ರಸ್ತೆಯಲ್ಲೂ ಸಾಕಷ್ಟಿವೆ.

ಕೆಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟಿಗೂ ಮೇಲೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿಗೂ ತಾಳ ತಪ್ಪದಂತೆ ನೋಡಿಕೊಳ್ಳುವುದು ಟೈಮಿಂಗ್ ಚೈನ್. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಎಂಜಿನ್ 2000 ಆರ್‌ಪಿಎಮ್‌ನಲ್ಲಿ ಓಡುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ ಸುಮಾರು 17 ಸಲ ತೆರೆದು ಮುಚ್ಚುತ್ತದೆ. ಅಂಥ ವಾಲ್ವುಗಳು ಒಟ್ಟು 16. ಇಷ್ಟನ್ನೂ ಹಿಡಿದಿಟ್ಟಿರುವ ಚೈನಿನ ಕೊಂಡಿಗಳು ಸೈಕಲ್ ಚೈನಿನ ಕೊಂಡಿಗಿಂತ ಚಿಕ್ಕವು.

ಬಹಳ ಎಂಜಿನ್‌ಗಳಲ್ಲಿ ಈ ಚೈನ್ ಮುಂದಿನ ಬದಿಗೆ ಇರುತ್ತದೆ. ಎನ್47ರಲ್ಲಿ ಅದು ಹಿಂದೆ, ಗೇರ್‌ಬಾಕ್ಸ್ ಅಂಟಿಕೊಂಡಿರುವ ಕಡೆ ಇದೆ. ಬಾನೆಟ್ ಎತ್ತಿದರೆ ಕಾಣುವುದಿಲ್ಲ, ಕೈಯೂ ಹೋಗುವುದಿಲ್ಲ. ಚೈನ್ ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಇಲ್ಲವೇ ಇಡೀ ಎಂಜಿನ್ ಇಳಿಸಬೇಕು. ಪಾರ್ಟಿಗಿಂತ ಲೇಬರ್ ಜಾಸ್ತಿ ಆಗುವುದು, ಬಿಲ್ಲು ಲಕ್ಷದ ಲೆಕ್ಕಕ್ಕೆ ಹೋಗುವುದು ಇದರಿಂದಲೇ.

ಸವೆಯುವುದು ಚೈನ್ ಒಂದೇ ಅಲ್ಲ. ಅದು ಅಲ್ಲಾಡದಂತೆ ಎರಡು ಬದಿಯಲ್ಲಿ ಪ್ಲಾಸ್ಟಿಕ್ ಗೈಡ್‌ಗಳಿರುತ್ತವೆ. ಹೊಸ ಗೈಡನ್ನು ಕೈಯಲ್ಲಿ ಹಿಡಿದರೆ ಕುಡುಗೋಲಿನ ಹಾಗೆ ಬಾಗಿರುತ್ತದೆ, ಬೆರಳಾಡಿಸಿದರೆ ನುಣ್ಣಗೆ ಜಾರುತ್ತದೆ. ಸವೆದ ಗೈಡಿನ ಮೇಲೆ ಚೈನ್ ಓಡಿದ ಗೀರುಗಳು ಉಗುರಿಗೆ ಸಿಗುತ್ತವೆ. ಬಿಸಿ ಆಯಿಲ್‌ನಲ್ಲಿ ವರ್ಷಗಟ್ಟಲೆ ನೆನೆದು ಪ್ಲಾಸ್ಟಿಕ್ ಪೆಡಸಾಗಿರುತ್ತದೆ, ತುದಿ ಮುರಿದಿರುವುದೂ ಉಂಟು. ಚೈನ್ 'ಉದ್ದ ಆಗಿದೆ' ಅಂತ ಮೆಕ್ಯಾನಿಕ್ ಹೇಳಿದರೆ ಉಕ್ಕು ಹಿಗ್ಗಿದೆ ಎಂದಲ್ಲ. ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆದು, ಅದೆಲ್ಲ ಕೂಡಿ ಚೈನ್ ಸಡಿಲವಾಗಿದೆ ಎಂದರ್ಥ.

ಸಡಿಲವಾದ ಚೈನ್ ಹಲ್ಲುಚಕ್ರದ ಮೇಲೆ ಒಂದೆರಡು ಹಲ್ಲು ಜಿಗಿದರೆ ಅಥವಾ ಕಡಿದರೆ ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಇನ್ನೂ ಕೆಳಗೇ ಇರುತ್ತದೆ. ಎರಡೂ ಗುದ್ದುತ್ತವೆ. ಆಮೇಲೆ ಉಳಿಯುವುದು ಚೈನ್ ಕೆಲಸ ಅಲ್ಲ, ಎಂಜಿನ್ ಕೆಲಸ.

ಮೊದಲು, ನಿಮ್ಮದು ಆ ಎಂಜಿನ್ನೇ?

320ಡಿ ಎಂದಾಕ್ಷಣ ಎನ್47 ಎಂದು ತೀರ್ಮಾನಿಸಬೇಡಿ. ಅದಕ್ಕೂ ಮುಂಚಿನ 320ಡಿಗಳಲ್ಲಿ ಎಂ47 ಎಂಬ ಬೇರೆ ಎಂಜಿನ್ ಇತ್ತು, ಆಮೇಲೆ ಬಿ47 ಬಂತು. ಎಂಜಿನ್ ಬ್ಲಾಕ್ ಮೇಲೆ ಕೊರೆದ ನಂಬರಿನಲ್ಲಿ ಇದು ತಿಳಿಯುತ್ತದೆ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿಸ್ ನಂಬರನ್ನು ಅಧಿಕೃತ ಸರ್ವಿಸ್ ಸೆಂಟರಿಗೆ ಕೊಟ್ಟರೂ ಹೇಳುತ್ತಾರೆ. ಜೊತೆಗೆ ತಯಾರಾದ ತಿಂಗಳು, ವರ್ಷ ಬರೆದುಕೊಳ್ಳಿ. ರಿಜಿಸ್ಟ್ರೇಶನ್ ದಿನಾಂಕ ಅಲ್ಲ, ತಯಾರಾದ ದಿನಾಂಕ. 2007ರಿಂದ 2009ರ ಶುರುವಿನವರೆಗೆ ಬಂದ ಎಂಜಿನ್‌ಗಳ ಬಗ್ಗೆ ದೂರು ಜಾಸ್ತಿ. 2011ರ ಗಾಡಿಗಳಲ್ಲೂ ಇದೇ ತೊಂದರೆ ಕಂಡಿದೆ. ಅದರ ನಂತರದ್ದು ಅಂತ ಪೂರ್ತಿ ನಿಶ್ಚಿಂತೆಯಿಂದ ಇರುವುದು ಬೇಡ. ಆಯಿಲ್ ಬದಲಿಸದೆ ಓಡಿಸಿದ ಯಾವ ಚೈನೂ ಬೇಗ ಸವೆಯುತ್ತದೆ.

ಆಮೇಲೆ ಕಿವಿಗೊಡಿ

ಈ ಕೆಲಸಕ್ಕೆ ರಾತ್ರಿಯಿಡೀ ನಿಂತ ಗಾಡಿ ಬೇಕು. ಬೆಳಿಗ್ಗೆ ಯಾರೂ ಮುಟ್ಟುವ ಮೊದಲು ಹೋಗಿ. ಕೊಳ್ಳಲು ಹೋದಾಗ ಮಾರುವವರು ಗಾಡಿಯನ್ನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಸಂಕೋಚ ಬೇಡ.

ಬಾನೆಟ್ ಎತ್ತಿ, ಒಬ್ಬರು ಸ್ಟಾರ್ಟ್ ಮಾಡಲಿ. ನೀವು ಎಂಜಿನ್ನಿನ ಹಿಂಭಾಗಕ್ಕೆ, ಅಂದರೆ ಗಾಜಿನ ಕಡೆಗೆ ಕಿವಿ ಕೊಡಿ. ಡೀಸೆಲ್ ಎಂಜಿನ್ ಎಂದರೆ ಸದ್ದು ಇದ್ದೇ ಇರುತ್ತದೆ. ಇಂಜೆಕ್ಟರ್‌ನ ಟಿಕ್‌ಟಿಕ್ ಮೇಲಿನಿಂದ ಬರುತ್ತದೆ, ಒಂದೇ ಲಯದಲ್ಲಿರುತ್ತದೆ. ಚೈನಿನ ಸದ್ದು ಬೇರೆ. ಸರಪಳಿಯನ್ನು ತಗಡಿನ ಡಬ್ಬದಲ್ಲಿ ಎಳೆದ ಹಾಗೆ ಕರಕರ, ಗರಗರ. ಆಕ್ಸಿಲರೇಟರ್ ಮೆಲ್ಲಗೆ ಒತ್ತಿ 1500ರಿಂದ 2000 ಆರ್‌ಪಿಎಮ್ ನಡುವೆ ನಿಲ್ಲಿಸಿದರೆ ಇದು ಚೆನ್ನಾಗಿ ಕೇಳುತ್ತದೆ. ಕೆಲವು ಗಾಡಿಗಳಲ್ಲಿ ಕಿಟಕಿ ಏರಿಸಿ ಒಳಗೆ ಕೂತರೆ ಗೇರ್ ಲಿವರ್ ಹತ್ತಿರವೇ ಗೊತ್ತಾಗುತ್ತದೆ. ಅನುಮಾನ ಬಂದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ತಿಂಗಳಾದ ಮೇಲೆ ಮತ್ತೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ರೆಕಾರ್ಡ್ ಮಾಡಿ ಹೋಲಿಸಿ. ದಿನಾ ಕೇಳುವ ಕಿವಿಗೆ ಸದ್ದು ಏರುತ್ತಿರುವುದು ಗೊತ್ತಾಗುವುದಿಲ್ಲ, ಅಲ್ವಾ?

ನಿಮ್ಮ ಕಿವಿಯೊಂದನ್ನೇ ನಂಬಬೇಕಿಲ್ಲ. ಪಳಗಿದ ಮೆಕ್ಯಾನಿಕ್‌ಗಳು ಸ್ಟೆತಸ್ಕೋಪ್ ಇಟ್ಟು, ಅದಿಲ್ಲದಿದ್ದರೆ ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ಸದ್ದು ಎಲ್ಲಿಂದ ಬರುತ್ತಿದೆ ಎಂದು ಹಿಡಿಯುತ್ತಾರೆ. ಸ್ಕ್ಯಾನರ್ ಹಾಕಿಸಿ, ಕ್ರ್ಯಾಂಕ್‌ಗೂ ಕ್ಯಾಮ್‌ಗೂ ತಾಳೆ ತಪ್ಪಿದೆ ಎಂಬ ಕೋಡ್ ಇದೆಯೇ ನೋಡಿಸಿ. ಆಯಿಲ್ ಚೇಂಜ್ ಇದ್ದರೆ ಹಳೆಯ ಫಿಲ್ಟರನ್ನು ಎಸೆಯಲು ಬಿಡಬೇಡಿ. ಅದರ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಮಿನುಗುವ ಲೋಹದ ಚೂರು ಅಥವಾ ಗಟ್ಟಿ ಪ್ಲಾಸ್ಟಿಕ್ ತುಣುಕು ಕಂಡರೆ ಆಯಿಲ್ ಚೇಂಬರ್ ಬಿಚ್ಚಿಸಿ ನೋಡಲೇಬೇಕು. ಇದ್ಯಾವುದೂ ಸಿಗಲಿಲ್ಲ ಎಂದ ಮಾತ್ರಕ್ಕೆ ಚೈನ್ ಸರಿ ಇದೆ ಎಂದಾಗುವುದಿಲ್ಲ. ಸದ್ದಿದ್ದರೆ ಸದ್ದನ್ನೇ ನಂಬಿ.

ಸದ್ದು ಖಚಿತವಾಯಿತು. ಈಗ?

ಓಡಿಸುವುದನ್ನು ನಿಲ್ಲಿಸಿ. 'ಇನ್ನು ಒಂದೇ ವಾರ, ಊರಿಗೆ ಹೋಗಿ ಬಂದು ಮಾಡಿಸುತ್ತೇನೆ' ಅನ್ನುವ ಮಾತಿಗೆ ಎಷ್ಟೋ ಎಂಜಿನ್‌ಗಳು ಬಲಿಯಾಗಿವೆ. ಗಾಡಿಯನ್ನು ಗ್ಯಾರೇಜಿಗೆ ಒಯ್ಯಲು ಫ್ಲಾಟ್‌ಬೆಡ್ ಕರೆಸಿ, ನಾಲ್ಕೂ ಚಕ್ರ ಮೇಲಿರಬೇಕು. ಹಿಂದಿನ ಚಕ್ರದಿಂದ ಓಡುವ ಆಟೋಮ್ಯಾಟಿಕ್ ಗಾಡಿಯನ್ನು ಮುಂದಿನ ಚಕ್ರ ಎತ್ತಿ ಎಳೆದರೆ ಗೇರ್‌ಬಾಕ್ಸಿಗೂ ಪೆಟ್ಟು.

ಓಡುತ್ತಿರುವಾಗಲೇ ಎಂಜಿನ್ ಆಫ್ ಆದರೆ ಬದಿಗೆ ತೆಗೆದು ಹಜಾರ್ಡ್ ಲೈಟ್ ಹಾಕಿ. ಗಾಬರಿಯಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಚೈನ್ ಕಡಿದಿದ್ದರೆ ಒಂದೊಂದು ಸೆಲ್ಫಿಗೂ ಒಳಗೆ ಇನ್ನಷ್ಟು ಹಾಳಾಗುತ್ತದೆ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಈ ಎಂಜಿನ್ನಿನಲ್ಲಿ ಚೈನ್ ಒಂದಲ್ಲ. ಕ್ರ್ಯಾಂಕಿನಿಂದ ಡೀಸೆಲ್ ಪಂಪಿಗೆ ಕೆಳಗಿನ ಚೈನ್, ಪಂಪಿನಿಂದ ಕ್ಯಾಮ್‌ಶಾಫ್ಟಿಗೆ ಮೇಲಿನ ಚೈನ್, ಆಯಿಲ್ ಪಂಪಿಗೆ ಇನ್ನೊಂದು. 'ಮೇಲಿನದ್ದು ಮಾತ್ರ ಹಾಕೋಣ ಸರ್, ಅರ್ಧ ದುಡ್ಡಲ್ಲಿ ಮುಗಿಯುತ್ತೆ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗೇರ್‌ಬಾಕ್ಸ್ ಇಳಿಸುವ ಖರ್ಚನ್ನು ಎರಡು ಸಲ ಕೊಡುವುದು ಯಾಕೆ? ಮೂರೂ ಚೈನ್, ಎಲ್ಲ ಗೈಡ್, ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಒಟ್ಟಿಗೆ ಬದಲಾಗಬೇಕು. ಬಿಗಿ ಮಾಡುವಾಗ ಹಿಗ್ಗುವ ಬೋಲ್ಟ್‌ಗಳನ್ನು ಮತ್ತೆ ಬಳಸಬಾರದು, ಅವೂ ಹೊಸವೇ ಆಗಿರಬೇಕು.

ಮುಖ್ಯವಾದ ಇನ್ನೊಂದು ಪ್ರಶ್ನೆ ಕ್ರ್ಯಾಂಕಿನ ಹಲ್ಲುಚಕ್ರದ್ದು. ಮೊದಮೊದಲ ಎನ್47ಗಳಲ್ಲಿ ಇದು ಕ್ರ್ಯಾಂಕ್‌ಶಾಫ್ಟಿನ ಭಾಗವೇ ಆಗಿತ್ತು, ಬಿಚ್ಚಿ ಬದಲಿಸಲು ಬರುವುದಿಲ್ಲ. ಹಲ್ಲು ಸವೆದು ಚೂಪಾಗಿದ್ದರೆ ಕ್ರ್ಯಾಂಕ್‌ಶಾಫ್ಟೇ ಹೊಸದಾಗಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಸವೆಯುತ್ತದೆ. ಹಾಗಾಗಿ ಬಿಚ್ಚಿದ ದಿನ ನೀವೇ ಗ್ಯಾರೇಜಿಗೆ ಹೋಗಿ. ಟಾರ್ಚ್ ಹಾಕಿಸಿ ಹಲ್ಲು ನೋಡಿ, ಫೋಟೋ ತೆಗೆಯಿರಿ. ಸರಿಯಿರುವ ಹಲ್ಲಿನ ಎರಡೂ ಬದಿ ಒಂದೇ ಸಮ. ಸವೆದದ್ದು ಒಂದು ಕಡೆಗೆ ಬಾಗಿ ಕೊಕ್ಕೆಯಂತಿರುತ್ತದೆ.

ಕ್ರ್ಯಾಂಕ್, ಕ್ಯಾಮ್ ಎರಡನ್ನೂ ಅಲ್ಲಾಡದಂತೆ ಹಿಡಿದು ಟೈಮಿಂಗ್ ಲಾಕ್ ಮಾಡುವ ಈ ಎಂಜಿನ್ನಿನ ಟೂಲ್ ಕಿಟ್ ಅವರ ಬಳಿ ಇದೆಯೇ ಎಂದೂ ಕೇಳಿ. ಪೇಂಟ್ ಗುರುತು ಹಾಕಿ ಅಂದಾಜಿನಲ್ಲಿ ಕೂರಿಸುವ ಕೆಲಸ ಇದಲ್ಲ. ಪಾರ್ಟ್ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ತಂದರೂ, ಕಂಪನಿಯಿಂದ ತರಿಸಿದರೂ ಪಾರ್ಟ್ ನಂಬರ್ ಇರುವ ಬಿಲ್ ಬೇಕು.

ಕಂಪನಿ ಖರ್ಚು ಕೊಡುತ್ತದೆಯೇ?

ಗೊತ್ತಿರುವ ದೋಷ ಅಂದರೆ ರೀಕಾಲ್ ಇದ್ದೇ ಇರುತ್ತದೆ ಎಂದಲ್ಲ. ಒಂದು ಹೋಲಿಕೆ ಕೊಡುತ್ತೇನೆ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ 520ಡಿ ಸೇರಿ ಹಲವು ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಬೆಂಕಿ ಹತ್ತಿತು. ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ತಣ್ಣಗೆ ಮಾಡುವ ಇಜಿಆರ್ ಕೂಲರ್ ಸೋರುವುದೇ ಕಾರಣ ಎಂದು ಕಂಪನಿ ಅಲ್ಲಿ ಲಕ್ಷಕ್ಕೂ ಹೆಚ್ಚು ಗಾಡಿ ವಾಪಸ್ ಕರೆಸಿತು. ಅದೇ ವರ್ಷ ಜಗತ್ತಿನಾದ್ಯಂತ ಆ ಲೆಕ್ಕ 16 ಲಕ್ಷಕ್ಕೆ ಏರಿತು. ಚಾಸಿಸ್ ನಂಬರ್ ಕೊಟ್ಟಾಗ ನಿಮ್ಮ ಗಾಡಿಗೆ ಆ ಕೆಲಸ ಬಾಕಿ ಇದೆಯೇ ಎಂದು ಕೇಳಿ. ಚೈನ್ ವಿಷಯ ಹಾಗಲ್ಲ. ಸರ್ವಿಸ್ ದಾಖಲೆ ಪೂರ್ತಿ ಇದ್ದವರಿಗೆ ಕಂಪನಿ ಸದ್ಭಾವನೆಯಿಂದ ಖರ್ಚಿನ ಪಾಲು ಕೊಟ್ಟದ್ದುಂಟು. ಆದರೆ ಅದು ಕೇಳಿ ಪಡೆಯುವಂಥದ್ದು, ತಾನಾಗಿ ಬರುವುದಲ್ಲ.

ನಮ್ಮಲ್ಲಿ ಕಡ್ಡಾಯ ರೀಕಾಲ್ ನಿಯಮ ಬಂದದ್ದು 2021ರ ಏಪ್ರಿಲ್ 1ರಿಂದ. ಅದು ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ಎನ್47 ಗಾಡಿಗಳಿಗೆ ಆ ಬಾಗಿಲು ಮುಚ್ಚಿದೆ. ಆದರೆ ಹಳೆ ಕಾರಿನ ವ್ಯಾಪಾರಿಯಿಂದ ಕೊಂಡಿದ್ದು, ಅವರು ದೋಷ ಮುಚ್ಚಿಟ್ಟು ಮಾರಿದ್ದಾರೆ ಎನ್ನಲು ದಾಖಲೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಕೊಳ್ಳುವಾಗ 'ಚೈನ್ ಬದಲಾಗಿದೆ' ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು. ಸುಮ್ನೆ ತಲೆಯಾಡಿಸದೆ ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.

ಕೆಲಸ ಮುಗಿದ ಮೇಲೆ

ಗಾಡಿಯ ಕಂಪ್ಯೂಟರ್ ಹೇಳುವವರೆಗೂ ಆಯಿಲ್‌ಗೆ ಕಾಯಬೇಡಿ. ನಮ್ಮ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವ ಗಾಡಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಸುಮಾರು ಐದು ಲೀಟರ್ ಆಯಿಲ್ ಮತ್ತು ಒಂದು ಫಿಲ್ಟರ್, ಚೈನ್ ಕೆಲಸದ ಮುಂದೆ ಏನೂ ಅಲ್ಲ. ಡಬ್ಬದ ಮೇಲೆ ಬಿಎಂಡಬ್ಲ್ಯುವಿನ ಆಯಿಲ್ ಗುಣಮಟ್ಟದ ಗುರುತಾದ ಲಾಂಗ್‌ಲೈಫ್-04 ಎಂದು ಇರಲಿ.

ಹಳೆಯ ಚೈನ್, ಗೈಡ್ ಎಲ್ಲ ಕೇಳಿ ತೆಗೆದುಕೊಳ್ಳಿ. ಬಿಲ್ಲು, ಹಲ್ಲಿನ ಫೋಟೋ, ಬದಲಿಸಿದ ದಿನದ ಕಿಲೋಮೀಟರ್ ಎಲ್ಲವನ್ನೂ ಅದರ ಜೊತೆ ಒಂದು ಚೀಲದಲ್ಲಿ ಕಟ್ಟಿ ಇಡಿ. ನಾಳೆ ನೀವೇ ಗಾಡಿ ಮಾರುವಾಗ ತಿಳಿದವರು ಮೊದಲು ಕೇಳುವುದು ಆ ಚೀಲವನ್ನೇ.